ಕಟ್ಟುವ ಕೈಗೆ ವಿವೇಚನೆಯ ಪಾಠ: ಕೂಪರ್ ಯೂನಿಯನ್ ಸಂಸ್ಥೆಯ ಒಂದು ಅಧ್ಯಯನ

ಖರ್ಚಿನ ಪ್ರತಿಯೊಂದು ಬಾಬಿಗೂ ಅದರಿಂದ ದೊರೆಯುವ ಪ್ರತಿಫಲವೇನೆಂದು ಕೇಳುವುದು ವ್ಯವಹಾರಸ್ಥರ ಸಹಜ ಪ್ರವೃತ್ತಿ. ಇದೇ ಅಳತೆಗೋಲನ್ನು ಶಿಕ್ಷಣಕ್ಕೂ ಅನ್ವಯಿಸಿ, ಇಂಜಿನಿಯರಿಂಗ್ ಕಲಿಯುವವನಿಗೆ ಇತಿಹಾಸವೇಕೆ, ವಾಸ್ತುಶಿಲ್ಪ ಕಲಿಯುವವಳಿಗೆ ಸಮಾಜಶಾಸ್ತ್ರವೇಕೆ, ಆ ಸಮಯವನ್ನು ಯಂತ್ರಾಗಾರದಲ್ಲಿ ಕಳೆದರೆ ಲಾಭವಲ್ಲವೇ ಎಂದು ಪ್ರಶ್ನಿಸುವ ಉದ್ಯಮಿಗಳು ಅನೇಕರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಹುಡುಕುವ ಮೊದಲು, ಸ್ವತಃ ಒಬ್ಬ ಉತ್ಪಾದಕನೇ ಸ್ಥಾಪಿಸಿದ ವಿದ್ಯಾಸಂಸ್ಥೆಯೊಂದರ ಚರಿತ್ರೆಯನ್ನು ಪರಿಶೀಲಿಸುವುದು ಉಪಯುಕ್ತ. ಅಮೆರಿಕದ ನ್ಯೂಯಾರ್ಕ್ ನಗರದ ಕೂಪರ್ ಯೂನಿಯನ್ ಅಂತಹ ಸಂಸ್ಥೆ.

ಸಂಸ್ಥಾಪಕನ ಹಿನ್ನೆಲೆ

ಪೀಟರ್ ಕೂಪರ್ 1791ರಲ್ಲಿ ಜನಿಸಿದನು. ಅವನಿಗೆ ದೊರೆತ ಶಾಲಾಶಿಕ್ಷಣ ಒಂದು ವರ್ಷಕ್ಕಿಂತಲೂ ಕಡಿಮೆ. ಅವನ ಸಂಪತ್ತಿನ ಮೂಲ ಸರೇಸು ತಯಾರಿಕೆಯ ಕಾರ್ಖಾನೆ. ಕಸಾಯಿಖಾನೆಯ ತ್ಯಾಜ್ಯವಸ್ತುಗಳಿಂದ ಸರೇಸು ಹಾಗೂ ಜೆಲಾಟಿನ್ ತಯಾರಿಸಿ ಮಾರಿದ ಅವನು ಮುಂದೆ ಕಬ್ಬಿಣದ ಉದ್ಯಮಕ್ಕೂ ಕೈಹಾಕಿದನು. 1830ರಲ್ಲಿ ಬಾಲ್ಟಿಮೋರ್ ಮತ್ತು ಓಹಿಯೋ ರೈಲುಮಾರ್ಗದ ಮೇಲೆ ತಾನೇ ನಿರ್ಮಿಸಿದ 'ಟಾಮ್ ಥಂಬ್' ಎಂಬ ಪುಟ್ಟ ಉಗಿಬಂಡಿಯನ್ನು ಓಡಿಸಿ ತೋರಿಸಿದನು. ಅಟ್ಲಾಂಟಿಕ್ ಸಾಗರದಡಿ ತಂತಿ ಹಾಕುವ ಸಾಹಸದಲ್ಲಿಯೂ ಅವನು ಪಾಲುಗೊಂಡಿದ್ದನು.

ಹೀಗೆ ಗಳಿಸಿದ ಹಣದಿಂದ ಅವನು 1859ರಲ್ಲಿ ಕೂಪರ್ ಯೂನಿಯನ್ನನ್ನು ತೆರೆದನು. ದುಡಿಯುವ ಜನರಿಗೆ ಶುಲ್ಕವಿಲ್ಲದ ಸಂಜೆ ತರಗತಿಗಳು, ಮಹಿಳೆಯರಿಗೆ ಚಿತ್ರಕಲೆ ಹಾಗೂ ವಿನ್ಯಾಸದ ಶಾಲೆ, ಸಾರ್ವಜನಿಕರಿಗೆ ವಾಚನಾಲಯ ಇವು ಅದರ ಅಂಗಗಳು. ಇಷ್ಟಕ್ಕೇ ನಿಲ್ಲದೆ, ಕಟ್ಟಡದ ಕೆಳಭಾಗದಲ್ಲಿ ವಿಶಾಲವಾದ ಸಭಾಂಗಣವನ್ನೂ ಕಟ್ಟಿಸಿದನು. ಅಬ್ರಹಾಂ ಲಿಂಕನ್ 1860ರ ಫೆಬ್ರವರಿ 27ರಂದು ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿ ಭಾಷಣ ಮಾಡಿದ್ದು ಇಲ್ಲಿಯೇ. ಅದೇ ವರ್ಷ ಅವನು ರಾಷ್ಟ್ರಾಧ್ಯಕ್ಷನಾಗಿ ಚುನಾಯಿತನಾದನು. ಕುಶಲಕರ್ಮಿಗೆ ಕಸುಬಿನ ವಿದ್ಯೆಯಷ್ಟೇ ಸಾಲದು, ತಾನು ಬದುಕುವ ಸಮಾಜದ ವಾದವಿವಾದಗಳನ್ನು ಕೇಳಿ ತೂಗಿ ನೋಡುವ ಅವಕಾಶವೂ ಬೇಕೆಂಬ ಭಾವನೆ ಈ ವ್ಯವಸ್ಥೆಯಲ್ಲಿಯೇ ಅಡಕವಾಗಿದೆ.

ಪಠ್ಯಕ್ರಮದ ಸ್ವರೂಪ

ಇಂದು ಕೂಪರ್ ಯೂನಿಯನ್ನಿನಲ್ಲಿ ಕಲೆ, ವಾಸ್ತುಶಿಲ್ಪ ಮತ್ತು ಇಂಜಿನಿಯರಿಂಗ್ ಎಂಬ ಮೂರು ಶಾಲೆಗಳಿವೆ. ಇವುಗಳ ಜೊತೆಗೆ ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಪ್ರತ್ಯೇಕ ವಿಭಾಗವಿದೆ. ಈ ವಿಭಾಗವು ತನ್ನದೇ ಪದವಿಯನ್ನು ನೀಡುವುದಿಲ್ಲ. ಆದರೂ ಮೂರೂ ಶಾಲೆಗಳ ವಿದ್ಯಾರ್ಥಿಗಳು ಅಲ್ಲಿ ನಾಲ್ಕು ಅರ್ಧವರ್ಷಗಳ ಮೂಲಪಾಠಗಳನ್ನು ಕಲಿಯುವುದು ಕಡ್ಡಾಯ. ಮೊದಲನೆಯದರಲ್ಲಿ ಸಾಹಿತ್ಯಕೃತಿಗಳ ಸೂಕ್ಷ್ಮ ಓದು ಮತ್ತು ಬರವಣಿಗೆ. ಎರಡನೆಯದರಲ್ಲಿ ಹಳೆಯ ಹಾಗೂ ಹೊಸ ಜಗತ್ತುಗಳ ಗ್ರಂಥಗಳು. ಮೂರನೆಯದರಲ್ಲಿ ಆಧುನಿಕ ಸಮಾಜವು ರೂಪುಗೊಂಡ ಬಗೆ. ನಾಲ್ಕನೆಯದರಲ್ಲಿ ಆಧುನಿಕ ಕಾಲದ ಒಬ್ಬ ವ್ಯಕ್ತಿ ಅಥವಾ ಒಂದು ವಿಷಯವನ್ನು ಕುರಿತ ಆಳವಾದ ಅಧ್ಯಯನ. ಅನಂತರ ಐಚ್ಛಿಕ ವಿಷಯಗಳು.

ಈ ಕ್ರಮದಲ್ಲಿ ಮೂರು ಸಾಮರ್ಥ್ಯಗಳ ಅಭ್ಯಾಸವಾಗುತ್ತದೆ. ಒಂದು, ಬರಹದ ಪ್ರತಿಯೊಂದು ಮಾತಿನ ಅರ್ಥವನ್ನು ಎಚ್ಚರದಿಂದ ಗ್ರಹಿಸುವುದು. ಎರಡು, ತನ್ನ ವಾದವನ್ನು ಆಧಾರಸಹಿತವಾಗಿ ಬರೆದು ಮಂಡಿಸುವುದು. ಮೂರು, ಒಂದು ನಿರ್ಧಾರದ ಹಿಂದಿನ ಕಾರಣವನ್ನೂ ಮುಂದಿನ ಪರಿಣಾಮವನ್ನೂ ಕಾಲದ ಹರಿವಿನಲ್ಲಿಟ್ಟು ನೋಡುವುದು. ಕರಾರು ಪತ್ರಕ್ಕೆ ಸಹಿ ಹಾಕುವ ಪ್ರತಿಯೊಬ್ಬ ವರ್ತಕನಿಗೂ ಈ ಮೂರರ ಬೆಲೆ ತಿಳಿದಿರುತ್ತದೆ.

ಸಾಲದ ಕಟ್ಟಡ, ದತ್ತಿಯ ಮಾತು

ಈ ಸಾಮರ್ಥ್ಯಗಳ ಅಗತ್ಯವನ್ನು ಸಂಸ್ಥೆಯ ಸ್ವಂತ ಹಣಕಾಸಿನ ಕಥೆಯೇ ಸಾರುತ್ತದೆ. ನ್ಯೂಯಾರ್ಕಿನ ಪ್ರಸಿದ್ಧ ಕ್ರೈಸ್ಲರ್ ಗೋಪುರ ನಿಂತಿರುವ ನೆಲ ಕೂಪರ್ ಯೂನಿಯನ್ನಿಗೆ ಸೇರಿದ್ದು. ಈ ಆಸ್ತಿಯ ಮತ್ತು ದಾನಿಗಳ ಬಲದಿಂದ ಸಂಸ್ಥೆಯು ಅನೇಕ ದಶಕಗಳ ಕಾಲ ತಾನು ಪ್ರವೇಶ ನೀಡಿದ ವಿದ್ಯಾರ್ಥಿಗಳೆಲ್ಲರಿಗೂ ಪೂರ್ಣ ಬೋಧನಾಶುಲ್ಕದ ವಿನಾಯಿತಿ ನೀಡುತ್ತ ಬಂದಿತ್ತು.

2006ರಲ್ಲಿ ಆಡಳಿತ ಮಂಡಳಿಯು ಇದೇ ನೆಲವನ್ನು ಅಡಮಾನವಿಟ್ಟು 17.5 ಕೋಟಿ ಡಾಲರ್ ಸಾಲ ಪಡೆಯಿತು. 2009ರಲ್ಲಿ ಹೊಸ ಕಟ್ಟಡ ತೆರೆಯಿತು. ವಾಸ್ತುಶಿಲ್ಪದ ದೃಷ್ಟಿಯಿಂದ ಅದು ಮೆಚ್ಚುಗೆ ಗಳಿಸಿತು. ಪರಿಸರಸ್ನೇಹಿ ಕಟ್ಟಡಗಳಿಗೆ ನೀಡುವ ಲೀಡ್ ಮಾನ್ಯತೆಯಲ್ಲಿ ಅತ್ಯುನ್ನತವಾದ ಪ್ಲಾಟಿನಂ ದರ್ಜೆಯನ್ನೂ ಪಡೆಯಿತು. ಆದರೆ ಕೊರತೆಯ ಆಯವ್ಯಯದ ಮೇಲೆ ಸಾಲದ ಕಂತು ಭಾರವಾಗಿ ಕುಳಿತಿತು. 2013ರ ಏಪ್ರಿಲ್‌ನಲ್ಲಿ, ಮುಂದಿನ ವರ್ಷ ಸೇರುವವರಿಂದ ಶುಲ್ಕ ಪಡೆಯುವುದಾಗಿ ಮಂಡಳಿ ಪ್ರಕಟಿಸಿತು. ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಧರಣಿ ಕುಳಿತರು. 2014ರಲ್ಲಿ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತಿತರರು ಸೇರಿ ನ್ಯಾಯಾಲಯದ ಮೊರೆಹೊಕ್ಕರು.

ಅಲ್ಲಿ ಚರ್ಚೆಗೆ ಬಂದದ್ದು ಉಕ್ಕಿನ ಬಲವೂ ಅಲ್ಲ, ಗಾರೆಯ ಗುಣವೂ ಅಲ್ಲ. ಸಂಸ್ಥಾಪಕನು 19ನೆಯ ಶತಮಾನದಲ್ಲಿ ಬರೆದಿಟ್ಟ ದತ್ತಿಪತ್ರದ ಮಾತುಗಳ ಅರ್ಥವೇನು ಎಂಬುದು. 2015ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರ ಮಧ್ಯಪ್ರವೇಶದಿಂದ ರಾಜಿಯಾಯಿತು. ಹಣಕಾಸಿನ ಮೇಲೆ ಸ್ವತಂತ್ರ ನಿಗಾ, ಮಂಡಳಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು, ಶುಲ್ಕರಹಿತ ವ್ಯವಸ್ಥೆಗೆ ಮರಳುವ ಮಾರ್ಗವನ್ನು ಶೋಧಿಸುವ ಸಮಿತಿ ಇವು ಅದರ ಷರತ್ತುಗಳು. 2018ರಲ್ಲಿ ಹತ್ತು ವರ್ಷಗಳ ಯೋಜನೆಗೆ ಮಂಡಳಿ ಒಪ್ಪಿಗೆ ನೀಡಿತು. 2024ರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಮುಂದಿನ ನಾಲ್ಕು ವರ್ಷ ಬೋಧನಾಶುಲ್ಕವಿಲ್ಲವೆಂದು ಘೋಷಣೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಟ್ಟಡವನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಗೆ ತಂತ್ರಜ್ಞಾನ ಉತ್ತರಿಸಿತು. ಈ ಸಾಲದಿಂದ ಕಟ್ಟಬೇಕೆ, ಕಟ್ಟಿದರೆ ಯಾರಿಗೆ ಕೊಟ್ಟ ಮಾತು ಮುರಿಯುತ್ತದೆ ಎಂಬ ಪ್ರಶ್ನೆಗೆ ಉತ್ತರಿಸಲು ತಂತ್ರಜ್ಞಾನಕ್ಕೆ ಸಾಧ್ಯವಿರಲಿಲ್ಲ. ಮಾನವಿಕಗಳನ್ನು ಓದಿದವರೆಲ್ಲ ವಿವೇಕಿಗಳಾಗುತ್ತಾರೆಂಬ ಖಾತರಿಯೇನೂ ಇಲ್ಲ. ಅಂತಹ ವಿಭಾಗವಿದ್ದ ಸಂಸ್ಥೆಯಲ್ಲಿಯೇ ಈ ತಪ್ಪು ನಡೆಯಿತೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ತಪ್ಪನ್ನು ತಿದ್ದಲು ಹೊರಟವರ ಕೈಯಲ್ಲಿದ್ದ ಸಾಧನ ಹಳೆಯ ಪತ್ರವನ್ನು ಓದುವ, ವಾದಿಸುವ, ಬರೆಯುವ ಶಕ್ತಿಯೇ ಆಗಿತ್ತು.

ನಮ್ಮಲ್ಲಿನ ಸ್ಥಿತಿ

ಭಾರತದಲ್ಲಿಯೂ ಈ ವಿಚಾರ ಹೊಸದಲ್ಲ. ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ವೃತ್ತಿಶಿಕ್ಷಣದೊಡನೆ ಸಾಮಾನ್ಯ ಶಿಕ್ಷಣವೂ ಇರಬೇಕೆಂದು ಪ್ರತಿಪಾದಿಸಿತು. ಐ.ಐ.ಟಿ.ಗಳಲ್ಲಿ ಮಾನವಿಕ ಹಾಗೂ ಸಮಾಜ ವಿಜ್ಞಾನಗಳ ವಿಭಾಗಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇಂಜಿನಿಯರಿಂಗ್ ಸಂಸ್ಥೆಗಳಲ್ಲಿ ಕಲೆ ಮತ್ತು ಮಾನವಿಕಗಳ ಪಾಲು ಹೆಚ್ಚಬೇಕೆನ್ನುತ್ತದೆ. ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಭಾರತದ ಸಂವಿಧಾನ ಮತ್ತು ಕನ್ನಡದ ಪಾಠಗಳು ಸ್ಥಾನ ಪಡೆದಿವೆ. ಆದರೆ ಇಂತಹ ಪಾಠಗಳನ್ನು ಕೇವಲ ಉತ್ತೀರ್ಣರಾಗಲು ಓದುವ ವಿಷಯಗಳೆಂದು ಕಾಣುವ ಮನೋಭಾವವೂ ಉಂಟು. ನೇಮಕ ಮಾಡಿಕೊಳ್ಳುವ ಉದ್ಯಮಿಗಳು ಇವುಗಳ ಬಗ್ಗೆ ಕೇಳದಿದ್ದರೆ ವಿದ್ಯಾರ್ಥಿಗಳೂ ಅವುಗಳಿಗೆ ಬೆಲೆ ಕೊಡಲಾರರು.

ಲೆಕ್ಕಕ್ಕೆ ಸಿಗದ ಆಸ್ತಿ

ಲೆಕ್ಕಪತ್ರ ಮಾನದಂಡ 26ರ ಪ್ರಕಾರ ತರಬೇತಿಯ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಅದನ್ನು ಆಯಾ ವರ್ಷದ ಲಾಭನಷ್ಟದ ಲೆಕ್ಕಕ್ಕೇ ಹಾಕಬೇಕು. ಕಲಿತವನು ನಾಳೆ ಬೇರೆಡೆಗೆ ಹೋಗಬಹುದಾದುದರಿಂದ ಅವನ ವಿದ್ಯೆ ಸಂಸ್ಥೆಯ ಹಿಡಿತದಲ್ಲಿಲ್ಲವೆಂಬುದು ಇದರ ಹಿಂದಿನ ತರ್ಕ. ನಿಯಮ ಸರಿಯೇ. ಆದರೆ ಜಮಾಖರ್ಚಿನ ಪಟ್ಟಿಯಲ್ಲಿ ಆಸ್ತಿಯಾಗಿ ಕಾಣಿಸದ್ದೆಲ್ಲ ನಿರುಪಯುಕ್ತವೆಂದು ಅದರ ಅರ್ಥವಲ್ಲ. ವರ್ತಕನ ನಂಬಿಕೆಯೂ ಯಾವ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ಸಣ್ಣ ಉದ್ಯಮಿಗಳು ಅನುಸರಿಸಬಹುದಾದ ಕೆಲವು ಕ್ರಮಗಳು ಇಂತಿವೆ:

1. ಇಂಜಿನಿಯರ್ ಅಥವಾ ವಿನ್ಯಾಸಕಾರರನ್ನು ನೇಮಿಸುವಾಗ ಅಂಕಪಟ್ಟಿಯ ಜೊತೆಗೆ, ಗ್ರಾಹಕನ ಒಂದು ದೂರಿಗೆ ಒಂದು ಪುಟದ ಉತ್ತರವನ್ನು ಬರೆಯಿಸಿ ನೋಡುವುದು.

2. ಒಂದು ಖರೀದಿ ಕರಾರನ್ನು ಕೊಟ್ಟು, ಅದರಲ್ಲಿ ಸಂಸ್ಥೆಗೆ ಅಪಾಯವೆನಿಸುವ ಷರತ್ತು ಯಾವುದೆಂದು ಕೇಳುವುದು.

3. ಹೊಸ ಯಂತ್ರದ ಪ್ರಸ್ತಾವನೆಯೊಡನೆ, ಅದರಿಂದ ಕಾರ್ಮಿಕರ ಮೇಲೆ ಮತ್ತು ನೆರೆಹೊರೆಯ ಮೇಲೆ ಆಗುವ ಪರಿಣಾಮವನ್ನೂ ಬರಹದಲ್ಲಿ ಪಡೆಯುವುದು.

4. ಸ್ಥಳೀಯ ಕಾಲೇಜುಗಳಲ್ಲಿ ಮಾನವಿಕ ವಿಷಯಗಳ ಉಪನ್ಯಾಸಗಳಿಗೆ ವರ್ತಕರ ಸಂಘಗಳು ನೆರವಾಗುವುದು.

ಶಾಲೆಯನ್ನು ಹೆಚ್ಚು ಕಾಣದ ಸರೇಸಿನ ವ್ಯಾಪಾರಿಯೊಬ್ಬನು ತನ್ನ ಗಳಿಕೆಯಿಂದ ತರಗತಿಗಳ ಜೊತೆಗೆ ವಾಚನಾಲಯವನ್ನೂ ಸಭಾಂಗಣವನ್ನೂ ಕಟ್ಟಿಸಿದನು. ಹಣ ಹೂಡುವ ಪ್ರತಿಯೊಬ್ಬ ಉದ್ಯಮಿಯೂ ಆ ನಿರ್ಧಾರದ ಹಿಂದಿನ ಲೆಕ್ಕಾಚಾರವನ್ನು ಒಮ್ಮೆ ತಾಳೆ ನೋಡುವುದು ಒಳಿತು.