ಹಬಲ್ ದೂರದರ್ಶಕ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕ. ನನ್ನ ಕಾಲದಲ್ಲಿ ವಿಶ್ವದ ವಯಸ್ಸು 1,000ದಿಂದ 2,000 ಕೋಟಿ ವರ್ಷದೊಳಗೆ ಇದೆ ಎಂದು ಪಾಠ ಮಾಡುತ್ತಿದ್ದೆ. ಈಗ 1,380 ಕೋಟಿ ಅನ್ನುತ್ತಾರೆ. ಅದರ ಬಗ್ಗೆಯೂ ತಕರಾರು ಇದೆಯೆಂದು ಪತ್ರಿಕೆಯಲ್ಲಿ ಓದಿದೆ. ಅಷ್ಟು ವರ್ಷ ಮಕ್ಕಳಿಗೆ ತಪ್ಪು ಕಲಿಸಿದೆನೇ ಎಂಬ ಕೊರಗು ಕಾಡುತ್ತಿದೆ.
– ಒಬ್ಬ ಓದುಗರು, ಧಾರವಾಡ

ಉತ್ತರ: ಮೊದಲು ಆ ಕೊರಗು ಬಿಡಿ, ಗುರುಗಳೇ. ನೀವು ತಪ್ಪು ಕಲಿಸಲಿಲ್ಲ. ಆಗ ಖಗೋಳ ವಿಜ್ಞಾನಿಗಳಿಗೂ ಗೊತ್ತಿದ್ದದ್ದು ಅಷ್ಟೇ. ವಿಶ್ವ ಹಿಗ್ಗುತ್ತಿದೆ ಎಂದು ತಿಳಿದಿತ್ತು, ಎಷ್ಟು ವೇಗದಲ್ಲಿ ಎಂಬುದರಲ್ಲಿ ಒಮ್ಮತ ಇರಲಿಲ್ಲ. ಒಂದು ಗುಂಪಿನ ಲೆಕ್ಕ ಇನ್ನೊಂದು ಗುಂಪಿನ ಲೆಕ್ಕದ ಇಮ್ಮಡಿಯಾಗುತ್ತಿತ್ತು.

ಆ ಜಗಳ ಬಗೆಹರಿಸುವುದೇ ಹಬಲ್ ದೂರದರ್ಶಕಕ್ಕೆ ಒಪ್ಪಿಸಿದ ಮುಖ್ಯ ಕೆಲಸಗಳಲ್ಲಿ ಒಂದು. ಅದಕ್ಕೆ ನೆರವಾದದ್ದು ಸೆಫೀಡ್ (ಹೊಳಪು ಕ್ರಮವಾಗಿ ಏರಿ ಇಳಿಯುವ ನಕ್ಷತ್ರ). ಏರಿಳಿತ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಹೊಳಪು ಹೆಚ್ಚು ಎಂಬುದನ್ನು ಖಗೋಳ ವಿಜ್ಞಾನಿ ಹೆನ್ರಿಯೆಟ್ಟಾ ಲೆವಿಟ್ 1912ರಲ್ಲೇ ತೋರಿಸಿದ್ದರು. ನಿಜವಾದ ಹೊಳಪು ತಿಳಿದು, ನಮಗೆ ಕಾಣುವ ಹೊಳಪನ್ನೂ ಅಳೆದರೆ ದೂರ ಸಿಗುತ್ತದೆ. ಆದರೆ ನೆಲದ ಮೇಲಿನ ದೂರದರ್ಶಕಗಳಿಗೆ ಗಾಳಿಯ ಅಲುಗಾಟ ಅಡ್ಡ ಬರುತ್ತದೆ, ದೂರದ ಗೆಲಾಕ್ಸಿಗಳಲ್ಲಿ ಒಂದೊಂದು ನಕ್ಷತ್ರವನ್ನು ಬಿಡಿಸಿ ನೋಡುವುದು ಕಷ್ಟ. ಗಾಳಿಯನ್ನು ದಾಟಿ ಮೇಲಿದ್ದ ಹಬಲ್‌ಗೆ ಅದು ಸಾಧ್ಯವಾಯಿತು. 1994ರಲ್ಲಿ ಅದು ಎಂ100 ಎಂಬ ಗೆಲಾಕ್ಸಿಯ ಸೆಫೀಡ್‌ಗಳನ್ನು ಗುರುತಿಸಿತು. ದೂರ ಸುಮಾರು 5.6 ಕೋಟಿ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.5 ಲಕ್ಷ ಕೋಟಿ ಕಿ.ಮೀ.) ಎಂದು ಬಂತು.

ಆಗ ಒಂದು ವಿಚಿತ್ರ ಎದುರಾಯಿತು. ಆ ದೂರದಿಂದ ಹಿಗ್ಗುವ ವೇಗವನ್ನೂ, ಅದರಿಂದ ವಯಸ್ಸನ್ನೂ ಲೆಕ್ಕ ಹಾಕಿದರೆ ವಿಶ್ವವೇ ಅದರೊಳಗಿನ ಅತಿ ಹಳೆಯ ನಕ್ಷತ್ರಗಳಿಗಿಂತ ಚಿಕ್ಕ ವಯಸ್ಸಿನದಾಗಿಬಿಡುವ ಹಾಗಿತ್ತು. ವಿಜ್ಞಾನಿಗಳು ಇದನ್ನು ಮುಚ್ಚಿಡಲಿಲ್ಲ. ಪ್ರಕಟಿಸಿದರು, ವಾದಿಸಿದರು, ಮತ್ತೆ ಅಳೆದರು. 1998ರಲ್ಲಿ ಎರಡು ತಂಡಗಳು ಸೂಪರ್‌ನೋವಾಗಳನ್ನು (ಸಿಡಿದುಹೋಗುವ ನಕ್ಷತ್ರಗಳು) ಗಮನಿಸಿ, ವಿಶ್ವದ ಹಿಗ್ಗುವಿಕೆ ಕುಗ್ಗುತ್ತಿಲ್ಲ, ಬದಲಿಗೆ ವೇಗ ಪಡೆಯುತ್ತಿದೆ ಎಂದು ಕಂಡುಕೊಂಡವು. ಹೆಚ್ಚಿನ ಕೆಲಸ ನೆಲದ ದೂರದರ್ಶಕಗಳದ್ದು, ಹಬಲ್ ಅದಕ್ಕೆ ಕೈಜೋಡಿಸಿತು. ಈ ಶೋಧಕ್ಕೆ 2011ರ ನೊಬೆಲ್ ಬಂತು. ಈ ವೇಗವನ್ನು ಲೆಕ್ಕಕ್ಕೆ ಸೇರಿಸಿದಾಗ ವಿಶ್ವದ ವಯಸ್ಸು ಹೆಚ್ಚಾಯಿತು, ನಕ್ಷತ್ರಗಳ ವಯಸ್ಸಿಗೂ ಹೊಂದಿಕೊಂಡಿತು. ನನ್ನ ಮಟ್ಟಿಗೆ ಹಬಲ್ ಕಾಲದ ಅತಿ ಸುಂದರ ಅಧ್ಯಾಯ ಇದೇ.

ಈಗಿನ ತಕರಾರು ಬಹಳ ಚಿಕ್ಕದು. ಸೆಫೀಡ್ ಹಾದಿಯಲ್ಲಿ ಹೋದರೆ ಹಿಗ್ಗುವ ವೇಗ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 73 ಕಿ.ಮೀ. ಬರುತ್ತದೆ. ವಿಶ್ವದ ಬಾಲ್ಯದಿಂದ ಉಳಿದುಬಂದ ಮಂದ ಪ್ರಭೆಯಿಂದ ಲೆಕ್ಕ ಹಾಕಿದರೆ ಸುಮಾರು 67. ಇಮ್ಮಡಿಯ ಜಗಳ ಹತ್ತನೇ ಒಂದು ಭಾಗಕ್ಕೂ ಕೆಳಗೆ ಇಳಿದಿದೆ. ಮೊಮ್ಮಕ್ಕಳಿಗೆ 1,380 ಕೋಟಿ ಎಂದೇ ಹೇಳಿ. ಜೊತೆಗೆ ಈ ಕಥೆಯನ್ನೂ ಹೇಳಿ, ಅಂಕಿಗಿಂತ ಅದು ಹೆಚ್ಚು ಕಾಲ ನೆನಪಿರುತ್ತದೆ.

ಪ್ರಶ್ನೆ: ನಮ್ಮ ಮಗಳು ಎಂಟನೇ ತರಗತಿ. ಆಂಡ್ರೊಮಿಡಾ ಗೆಲಾಕ್ಸಿ ಬಂದು ನಮಗೆ ಡಿಕ್ಕಿ ಹೊಡೆಯುತ್ತದೆ ಎಂಬ ವಿಡಿಯೊ ನೋಡಿದಂದಿನಿಂದ ರಾತ್ರಿ ಸರಿಯಾಗಿ ಮಲಗುತ್ತಿಲ್ಲ. ಏನೂ ಆಗಲ್ಲ ಬಿಡು ಅಂದರೆ, ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾಳೆ.
– ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಮಗಳು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ ತಾಯಿ, ಅವಳನ್ನು ಗದರಿಸಬೇಡಿ. ಭಯಕ್ಕೆ ಕಾರಣ ಕೊಟ್ಟಿರುವ ವಿಡಿಯೊಗೆ ಪ್ರತಿಯಾಗಿ ನಾವೂ ಕಾರಣ ಕೊಡಬೇಕು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ.

ಆಂಡ್ರೊಮಿಡಾ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ಕಡೆಗೆ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ಬರುತ್ತಿರುವುದು ನಿಜ. ನೇರವಾಗಿ ಬರುತ್ತಿದೆಯೋ ಪಕ್ಕಕ್ಕೆ ಸರಿಯುತ್ತಿದೆಯೋ ಎಂಬುದು ಮಾತ್ರ ತಿಳಿದಿರಲಿಲ್ಲ. ಹಬಲ್ ಕೆಲವು ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ, ಪಕ್ಕಕ್ಕೆ ಸರಿಯುವುದು ತೀರ ಕಡಿಮೆ, ಸುಮಾರು 400 ಕೋಟಿ ವರ್ಷದಲ್ಲಿ ಎರಡೂ ಕೂಡಬಹುದು ಎಂದು ವಿಜ್ಞಾನಿಗಳು 2012ರಲ್ಲಿ ಹೇಳಿದರು. ವಿಡಿಯೊ ಮಾಡಿದವರು ಬಹುಶಃ ಅಲ್ಲಿಗೇ ನಿಲ್ಲಿಸಿದ್ದಾರೆ. 2025ರಲ್ಲಿ ಹಬಲ್ ಮತ್ತು ಯುರೋಪಿನ ಗಾಯಾ ಉಪಗ್ರಹದ ಮಾಹಿತಿಯನ್ನು ಸೇರಿಸಿ, ಅಕ್ಕಪಕ್ಕದ ಗೆಲಾಕ್ಸಿಗಳ ಸೆಳೆತವನ್ನೂ ಗಣನೆಗೆ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿದರು. ಮುಂದಿನ 1,000 ಕೋಟಿ ವರ್ಷದಲ್ಲಿ ಡಿಕ್ಕಿಯಾಗುವ ಸಾಧ್ಯತೆ ಹೆಚ್ಚೂಕಡಿಮೆ ಅರ್ಧಕ್ಕರ್ಧ ಅಷ್ಟೇ ಎಂದು ಬಂತು.

ಆದರೂ ಆಯಿತು ಎಂದೇ ಇಟ್ಟುಕೊಳ್ಳೋಣ. ಸೂರ್ಯನನ್ನು ಒಂದು ರಾಗಿ ಕಾಳು ಎಂದು ತಿಳಿದು ನಿಮ್ಮ ಮೈಸೂರಿನಲ್ಲಿ ಇಟ್ಟರೆ, ಅತಿ ಹತ್ತಿರದ ನಕ್ಷತ್ರ ಬರುವುದು ಮಂಡ್ಯದ ಹತ್ತಿರ, ಸುಮಾರು 40 ಕಿ.ಮೀ. ಆಚೆ. ಗೆಲಾಕ್ಸಿ ಅಂದರೆ ಬಹುಪಾಲು ಇಂಥ ಖಾಲಿ ಜಾಗವೇ. ಎರಡು ಗೆಲಾಕ್ಸಿಗಳು ಒಂದರೊಳಗೊಂದು ಹಾದುಹೋದರೂ ಸೂರ್ಯನಿಗೆ ಇನ್ನೊಂದು ನಕ್ಷತ್ರ ಬಡಿಯುವುದು ಇಲ್ಲವೆನ್ನುವಷ್ಟು ಅಪರೂಪ. ಹೀಗೆ ಕೂಡುತ್ತಿರುವ ಎಷ್ಟೋ ಗೆಲಾಕ್ಸಿಗಳನ್ನು ಹಬಲ್ ಚಿತ್ರಿಸಿದೆ, ಅವುಗಳೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಆ ಚಿತ್ರಗಳನ್ನು ಹಗಲು ಹೊತ್ತು ಮಗಳ ಜೊತೆ ಕೂತು ನೋಡಿ. ಮಲಗುವ ಹೊತ್ತಿಗೆ ಮೊಬೈಲ್ ಬೇಡ.

ಪ್ರಶ್ನೆ: ಹಬಲ್‌ನ ಕನ್ನಡಿಯೇ ಸರಿಯಿರಲಿಲ್ಲವಂತೆ, ಚಿತ್ರಗಳಿಗೆ ಆಮೇಲೆ ಬಣ್ಣ ಹಾಕುತ್ತಾರಂತೆ. ಹಾಗಾದರೆ ನಾವು ನೋಡುತ್ತಿರುವುದು ಸುಳ್ಳೇ?
– ಪಿಯು ವಿದ್ಯಾರ್ಥಿ, ಹಾವೇರಿ

ಉತ್ತರ: ನೀವು ಕೇಳಿದ ಎರಡೂ ಸಂಗತಿ ನಿಜ, ಆದರೆ ಸುಳ್ಳು ಎಂಬ ತೀರ್ಮಾನ ಸರಿಯಲ್ಲ.

1990ರ ಏಪ್ರಿಲ್ 24ರಂದು ಹಬಲ್ ಮೇಲೇರಿತು. ಕಳಿಸಿದ ಚಿತ್ರಗಳು ಮಬ್ಬಾಗಿದ್ದವು. 2.4 ಮೀಟರ್ ಅಗಲದ ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ ಸುಮಾರು 2.2 ಮೈಕ್ರಾನ್‌ನಷ್ಟು (ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು) ಹೆಚ್ಚು ಚಪ್ಪಟೆಯಾಗಿತ್ತು. ಕನ್ನಡಿ ಉಜ್ಜುವಾಗ ಅಳತೆ ನೋಡಿದ ಉಪಕರಣವನ್ನೇ 1.3 ಮಿ.ಮೀ. ತಪ್ಪಾಗಿ ಜೋಡಿಸಿದ್ದರು. ಒಳ್ಳೆಯ ಸಂಗತಿಯೆಂದರೆ ಕನ್ನಡಿ ತಪ್ಪಾಗಿದ್ದರೂ ಆ ತಪ್ಪು ಎಲ್ಲೆಡೆ ಒಂದೇ ಸಮನಾಗಿತ್ತು, ಹಾಗಾಗಿ ಲೆಕ್ಕ ಹಾಕಿ ಸರಿಪಡಿಸಬಹುದಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಐದು ಬಾರಿ ನೌಕೆಯಿಂದ ಹೊರಬಂದು ಕೆಲಸ ಮಾಡಿ, ದೋಷ ನೀಗಿಸುವ ಉಪಕರಣಗಳನ್ನು ಕೂರಿಸಿದರು. ನಮಗೆ ಪರಿಚಯವಿರುವ ಸ್ಪಷ್ಟ ಚಿತ್ರಗಳು ಅದರ ನಂತರದವು.

ಇನ್ನು ಬಣ್ಣ. ಹಬಲ್ ಕ್ಯಾಮೆರಾ ಪ್ರತಿ ಸಲವೂ ಒಂದು ಫಿಲ್ಟರ್ (ಬೇಕಾದ ಬೆಳಕನ್ನಷ್ಟೇ ಬಿಡುವ ಗಾಜು) ಹಾಕಿ ಕಪ್ಪು-ಬಿಳುಪಿನಲ್ಲಿ ಚಿತ್ರ ತೆಗೆಯುತ್ತದೆ. 1995ರ ‘ಸೃಷ್ಟಿಯ ಕಂಬಗಳು’ ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ಹಂಚಿದ್ದಾರೆ. ಕಣ್ಣಿಗೆ ಗಂಧಕ, ಜಲಜನಕ ಎರಡೂ ಕೆಂಪಾಗಿ ಕಲಸಿಹೋಗುತ್ತವೆ. ಬಣ್ಣ ಬೇರೆ ಮಾಡಿದ್ದರಿಂದ ಯಾವ ಅನಿಲ ಎಲ್ಲಿದೆ ಎಂದು ತಿಳಿಯುತ್ತದೆ. ಬೆಳಕು ಅಲ್ಲಿಯದೇ, ಆಕಾರ ಅಲ್ಲಿಯದೇ. ಹಬಲ್‌ನ ಮೂಲ ದತ್ತಾಂಶ ಸಾರ್ವಜನಿಕರಿಗೆ ಉಚಿತವಾಗಿ ಸಿಗುತ್ತದೆ. ನೀವೇ ಇಳಿಸಿಕೊಂಡು ಆ ಮೂರು ಕಪ್ಪು-ಬಿಳುಪು ಚಿತ್ರಗಳನ್ನು ಜೋಡಿಸಿ ನೋಡಿ, ಗೆಳೆಯರಿಗೂ ತೋರಿಸಿ.

ಪ್ರಶ್ನೆ: ಸಾವಿರಾರು ಗೆಲಾಕ್ಸಿಗಳಿರುವ ಹಬಲ್ ಚಿತ್ರ ನೋಡಿದ ಮೇಲೆ ಮನಸ್ಸು ಕುಸಿದಂತಾಗಿದೆ. ಅಷ್ಟು ದೊಡ್ಡದರ ಮುಂದೆ ನಮ್ಮ ಬದುಕು ಯಾವ ಲೆಕ್ಕ ಅನ್ನಿಸುತ್ತದೆ.
– ಓದುಗರು, ಹಾಸನ

ಉತ್ತರ: ನಿಮಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಚಿತ್ರವನ್ನು ನಿಜವಾಗಿ ನೋಡಿದವರಿಗೆ ಹಾಗೆ ಅನ್ನಿಸುತ್ತದೆ. ಆದರೆ ಮನೆಯ ಕಷ್ಟಸುಖವನ್ನು ಜ್ಯೋತಿರ್ವರ್ಷದಲ್ಲಿ ಅಳೆಯುವುದಕ್ಕೆ ಆಗುವುದಿಲ್ಲ. ಗಾತ್ರ ಹೇಳಬಲ್ಲ ದೂರದರ್ಶಕ ಬೆಲೆಯ ಬಗ್ಗೆ ಏನನ್ನೂ ಹೇಳಲಾರದು.

ಆ ಚಿತ್ರ ಹೇಗೆ ಬಂತು ಎಂಬುದನ್ನು ತಿಳಿದರೆ ಮನಸ್ಸು ಸ್ವಲ್ಪ ಹಗುರಾಗಬಹುದು. 1995ರ ಡಿಸೆಂಬರಿನಲ್ಲಿ, ಆಗ ಹಬಲ್ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ತಮ್ಮ ಪಾಲಿನ ವೀಕ್ಷಣಾ ಸಮಯವನ್ನು ಸಪ್ತರ್ಷಿ ಮಂಡಲದ ಪಕ್ಕದ ಒಂದು ಖಾಲಿ ಜಾಗಕ್ಕೆ ಕೊಟ್ಟರು. ಚಂದ್ರಬಿಂಬದ ಅಗಲದ ಹನ್ನೆರಡನೇ ಒಂದು ಭಾಗದಷ್ಟು ಜಾಗ. ಏನೂ ಕಾಣದು, ಸಮಯ ವ್ಯರ್ಥ ಎಂದು ಅನುಭವಿಗಳೇ ಎಚ್ಚರಿಸಿದ್ದರು. ಹತ್ತು ದಿನ ನೋಡಿದ ಮೇಲೆ ಅಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು. ದೂರದವು ಚಿಕ್ಕವು, ಅಂಕುಡೊಂಕಾದವು. ಗೆಲಾಕ್ಸಿಗಳೂ ಹುಟ್ಟಿ ಬೆಳೆದು ಈಗಿನ ರೂಪಕ್ಕೆ ಬಂದವು ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ. 2003-04ರಲ್ಲಿ ಬೇರೊಂದು ಜಾಗವನ್ನು ಇನ್ನೂ ಆಳವಾಗಿ ನೋಡಿದಾಗ ಸುಮಾರು 10,000 ಸಿಕ್ಕವು.

ಎರಡನೆಯ ಆ ಜಾಗವನ್ನು ಆಮೇಲೆ ನಮ್ಮ ಆಸ್ಟ್ರೋಸ್ಯಾಟ್ ನೋಡಿತು. ಇಸ್ರೊ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಈ ಉಪಗ್ರಹದ ನೇರಳಾತೀತ (ಕಣ್ಣಿಗೆ ಕಾಣದ, ನೇರಳೆಯಾಚೆಯ ಬೆಳಕು) ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಿಸಿದ್ದರು. ಅದರ ಕನ್ನಡಿ ಒಂದು ಅಡಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಆದರೂ 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯಿಂದ ಬರುತ್ತಿದ್ದ, ಹಬಲ್‌ಗೂ ಸಿಗದಿದ್ದ ತೀವ್ರ ನೇರಳಾತೀತ ಬೆಳಕನ್ನು ಅದು ಹಿಡಿಯಿತು. ಪುಣೆಯ ಖಗೋಳ ವಿಜ್ಞಾನಿ ಕನಕ್ ಸಾಹಾ ಅವರ ತಂಡ 2020ರಲ್ಲಿ ಇದನ್ನು ಪ್ರಕಟಿಸಿತು.

ಈ ಕುಸಿದ ಭಾವನೆ ವಾರಗಟ್ಟಲೆ ಉಳಿದರೆ, ಅದಕ್ಕೆ ಕಾರಣ ಚಿತ್ರ ಒಂದೇ ಇರಲಾರದು. ಹತ್ತಿರದವರೊಂದಿಗೆ, ಬೇಕೆನಿಸಿದರೆ ವೈದ್ಯರೊಂದಿಗೆ ಮಾತಾಡಿ.

ಪ್ರಶ್ನೆ: ಹಬಲ್ ಹಳೆಯದಾಗಿದೆ, ಕೆಳಗೆ ಬೀಳುತ್ತದೆ ಅಂತಾರೆ. ನಮ್ಮ ಊರಿನ ಮೇಲೆ ಬಿದ್ದರೆ?
– ಓದುಗರು, ಕುಂದಾಪುರ

ಉತ್ತರ: ಸದ್ಯಕ್ಕೆ ಅಂಥ ಅಪಾಯವಿಲ್ಲ. ಹಬಲ್ ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದೆ. 2024ರಿಂದ ಒಂದೇ ಗೈರೋಸ್ಕೋಪ್ (ದಿಕ್ಕು ಬದಲಾವಣೆ ಅಳೆಯುವ ಸಾಧನ) ನೆಚ್ಚಿಕೊಂಡು ಕೆಲಸ ಮಾಡುತ್ತಿದೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ತೆಳು ಗಾಳಿಯ ತಡೆಯಿಂದ ನಿಧಾನವಾಗಿ ಇಳಿಯುತ್ತಿದೆ, 2030ರ ದಶಕದಲ್ಲಿ ವಾತಾವರಣಕ್ಕೆ ಬರಬಹುದೆಂಬ ಅಂದಾಜಿದೆ. ಆಗ ಬಹುಪಾಲು ಉರಿದುಹೋದರೂ ಕೆಲವು ಗಟ್ಟಿ ಭಾಗಗಳು ಉಳಿಯಬಹುದು. ಅದಕ್ಕೇ 2009ರಲ್ಲಿ ಕೊನೆಯ ಬಾರಿ ದುರಸ್ತಿಗೆ ಹೋದವರು, ಮುಂದೆ ಇನ್ನೊಂದು ನೌಕೆ ಹಿಡಿದುಕೊಳ್ಳಲು ಅನುಕೂಲವಾಗುವಂತೆ ಒಂದು ಬಳೆಯನ್ನು ಅಳವಡಿಸಿ ಬಂದಿದ್ದಾರೆ. ಹಬಲ್ ಹಾದುಹೋಗುವ ಪಟ್ಟಿಯ ಬಹುಭಾಗ ಸಮುದ್ರವೇ. ಒಂದು ನಿರ್ದಿಷ್ಟ ಊರಿಗೆ ತಾಗುವ ಸಾಧ್ಯತೆ ತೀರ ಕಡಿಮೆ.

ಆ ಪಟ್ಟಿ ಸಮಭಾಜಕದ ಎರಡೂ ಕಡೆ 28.5 ಡಿಗ್ರಿವರೆಗೆ ಮಾತ್ರ ಇದೆ, ಕರ್ನಾಟಕ ಪೂರ್ತಿ ಅದರೊಳಗೆ ಬರುತ್ತದೆ. ಲಂಡನ್ನಿನವರಿಗೆ ಕಾಣಸಿಗದ ಹಬಲ್ ನಿಮಗೆ ಬರಿಗಣ್ಣಿಗೇ ಕಾಣುತ್ತದೆ. ನಿಮ್ಮ ಊರಿನ ಮೇಲೆ ಹಾದುಹೋಗುವ ಸಮಯವನ್ನು ಉಪಗ್ರಹ ತೋರಿಸುವ ಯಾವುದಾದರೂ ಮೊಬೈಲ್ ಆ್ಯಪ್‌ನಲ್ಲಿ ನೋಡಿಕೊಂಡು, ಮೋಡವಿಲ್ಲದ ದಿನ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಬನ್ನಿ. ಮಿನುಗದೆ ಒಂದೇ ಸಮ ಸಾಗುವ ಚುಕ್ಕಿಯನ್ನು ಹುಡುಕಿ, ಕೆಲವೇ ನಿಮಿಷ ಕಾಣುತ್ತದೆ.