ಬಂದವರು ಮೊದಲು ಕೇಳಬೇಕು



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಓಣಿಗಳಲ್ಲಿ ಈಗೀಗ ಒಂದು ಹೊಸ ವಾಡಿಕೆ ಬೆಳೆದಿದೆ. ಮಕ್ಕಳು ಷಿಕಾಗೊದಲ್ಲೋ ಡಲ್ಲಾಸಿನಲ್ಲೋ ನೌಕರಿ ಹಿಡಿದಿರುತ್ತಾರೆ. ಅಪ್ಪ ಅವ್ವ ನಿವೃತ್ತರಾಗಿ ಮನೆಯಲ್ಲಿರುತ್ತಾರೆ. ಮಗಳ ಬಾಣಂತನ, ಮೊಮ್ಮಗುವಿನ ಆರೈಕೆ, ಇಲ್ಲವೆ ಮಕ್ಕಳ ಒತ್ತಾಯ, ಹೀಗೆ ಏನಾದರೊಂದು ನೆವ ಕೂಡಿಬಂದು, ದಸರೆಯಲ್ಲಿ ಬನ್ನಿ ಮುಡಿದು ಹೊರಟವರು ಯುಗಾದಿಯ ಬೇವು ಕುಡಿಯುವ ಹೊತ್ತಿಗೆ ಊರಿಗೆ ತಿರುಗುತ್ತಾರೆ. ಮಕ್ಕಳನ್ನು ನೋಡಲು ಹೋಗುವವರಿಗೆ ಅಮೆರಿಕದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುವುದರಿಂದ ಲೆಕ್ಕವೂ ಸರಿಹೋಗುತ್ತದೆ. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ಅಲ್ಲಿ ಚಳಿಗಾಲ ಕಳೆದು ಬಂದವನು.

ಹೋಗುವುದಕ್ಕೆ ನಾವು ತಿಂಗಳುಗಟ್ಟಲೆ ತಯಾರಿ ಮಾಡುತ್ತೇವೆ. ಪಾಸ್‌ಪೋರ್ಟ್, ವೀಸಾ, ಗುಳಿಗೆಗಳ ಚೀಟಿ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಸವಣೂರ ಖಾರಾ, ಎಲ್ಲವೂ ನೆನಪಿರುತ್ತದೆ. ಬರುವುದಕ್ಕೂ ತಯಾರಿ ಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮೂರೇ ಅಲ್ಲವೆ, ಬಂದು ಬೀಗ ತೆಗೆದರೆ ಆಯಿತು ಎಂದುಕೊಳ್ಳುತ್ತೇವೆ. ಬೀಗ ತೆಗೆದರೆ ಮನೆ ಸಿಕ್ಕೀತು, ಊರು ಸಿಗುವುದಿಲ್ಲ. ಊರಿಗೆ ಮತ್ತೆ ಸೇರುವುದಕ್ಕೆ ಒಂದು ಕ್ರಮವಿದೆ. ಬಂದವರು ಮೊದಲು ಕೇಳಬೇಕು, ಹೇಳುವುದು ಆಮೇಲೆ. ಇಂದು ಅಪ್ಪ ಅವ್ವನನ್ನು ಕರೆಸಿಕೊಂಡು ಕಳಿಸಿಕೊಡುವ ನಿಮಗೂ, ನಾಳೆ ನಿವೃತ್ತರಾಗಿ ಹೀಗೇ ಹೋಗಿ ಬರಲಿರುವ ನಿಮಗೂ ಬೇಕಾಗುವ ಮಾತು ಇದು.

ಆ ಆರು ತಿಂಗಳು ಊರಿನಲ್ಲಿ ಎಂಥವು ಎಂದು ನೆನೆಯಿರಿ. ದಸರೆಯ ಬೆನ್ನಿಗೇ ಸೀಗಿ ಹುಣ್ಣಿಮೆ, ಹೊಲಕ್ಕೆ ಚರಗ. ಆಮೇಲೆ ದೀಪಾವಳಿ. ಹಾನಗಲ್ಲ ಸೀಮೆಯಲ್ಲಿ ಭತ್ತದ ಸುಗ್ಗಿ. ತುಳಸಿ ಲಗ್ನ ಮುಗಿದದ್ದೇ ಮದುವೆಗಳು ಸುರು. ಸಂಕ್ರಾಂತಿಯ ಕುಸುರೆಳ್ಳು, ಶಿವರಾತ್ರಿ, ಹೋಳಿ. ವರ್ಷದ ದುಡಿಮೆ, ಖರ್ಚು, ಹೊಸ ನಂಟು, ಹಳೆಯ ಜಗಳ, ರಾಜಿ, ಬಹುಪಾಲು ಈ ಅರ್ಧದಲ್ಲೇ ನಡೆದುಹೋಗುತ್ತವೆ. ಊರಿನಲ್ಲಿ ಉಳಿದವರು ಇದನ್ನೆಲ್ಲ ಹೊತ್ತು ಸಾಗಿಸಿರುತ್ತಾರೆ.

ಹೋದವರ ಪರಿಸ್ಥಿತಿ ಬೇರೆ. ಷಿಕಾಗೊದಲ್ಲಿ ಡಿಸೆಂಬರ್ ತಿಂಗಳು ಸಂಜೆ ನಾಲ್ಕೂವರೆಯೊಳಗೇ ಹೊತ್ತು ಮುಳುಗುತ್ತದೆ. ಹಿಮ ಬಿದ್ದ ಹಾದಿಯಲ್ಲಿ ಹೆಜ್ಜೆ ಊರಲು ಅಂಜಿಕೆ. ಕಾರು ನಡೆಸಲು ಬಾರದವರಿಗೆ ನಾಲ್ಕು ಗೋಡೆಯೇ ಲೋಕ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಅಲ್ಲಿಯ ವಿದ್ಯಾರಣ್ಯ ಕನ್ನಡ ಕೂಟದವರು ಹಬ್ಬಕ್ಕೆಂದು ಎಲ್ಲರನ್ನೂ ಸೇರಿಸುತ್ತಾರೆ. ಅರೋರಾದ ಬಾಲಾಜಿ ಗುಡಿಯಲ್ಲಿ ನಮ್ಮ ಕಡೆಯವರೊಬ್ಬರು ಕಂಡರೆ ಜೀವ ಹಿಗ್ಗುತ್ತದೆ. ಉಳಿದ ದಿನಗಳು ಉದ್ದ. ಅಮೆರಿಕದ ನಿವೃತ್ತರಲ್ಲೂ ಅನೇಕರು ಚಳಿ ತಪ್ಪಿಸಿಕೊಳ್ಳಲು ಫ್ಲಾರಿಡಾ, ಅರಿಜೋನಾಗಳಿಗೆ ಹೋಗಿ ವಸಂತಕ್ಕೆ ಮನೆಗೆ ತಿರುಗುತ್ತಾರೆ. ಅವರಿಗೆ ಎರಡೂ ಕಡೆ ಭಾಷೆ ಗೊತ್ತು, ಹಾದಿ ಗೊತ್ತು. ನಮ್ಮವರಿಗೆ ಅಲ್ಲಿ ಇರುವುದು ಮಕ್ಕಳ ಮನೆ ಒಂದೇ. ಹೀಗೆ ತಿಂಗಳುಗಟ್ಟಲೆ ಆಡದೆ ಉಳಿದ ಮಾತೆಲ್ಲ ಎದೆಯಲ್ಲಿ ಕೂಡಿಬಿದ್ದು, ಊರಲ್ಲಿ ಬಸ್ಸಿಳಿಯುತ್ತಲೇ ಹೊರಗೆ ಬರಲು ನೂಕುತ್ತದೆ. ಇದು ಸಹಜ, ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಆದರೆ ಊರಿನವರಲ್ಲೂ ಅಷ್ಟೇ ಮಾತು ಕೂಡಿಬಿದ್ದಿರುತ್ತದೆ. ಇಬ್ಬರಲ್ಲಿ ಒಬ್ಬರು ತಡೆದುಕೊಳ್ಳಬೇಕು. ಭಾರ ಹೊತ್ತವರು ಊರಲ್ಲಿದ್ದವರಾದ್ದರಿಂದ, ತಡೆದುಕೊಳ್ಳಬೇಕಾದವರು ಹೋಗಿ ಬಂದವರು.

ಎಲ್ಲಿಂದ ಸುರು ಮಾಡಬೇಕೆಂಬುದನ್ನು ನಮ್ಮ ಸೀಮೆ ಹಿಂದೆಯೇ ಗೊತ್ತುಮಾಡಿದೆ. ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಮೊದಲ ಕೆಲಸ. ಚೀಲ ಬಿಚ್ಚಿ ಉಡುಗೊರೆ ಹಂಚುವ ಮೊದಲು, ನಾವಿಲ್ಲದಾಗ ಯಾರ ಮನೆಯಲ್ಲಿ ಯಾರು ತೀರಿಕೊಂಡರು ಎಂದು ಕೇಳಿ ಒಂದು ಯಾದಿ ಮಾಡಿರಿ. ಓಣಿಯವರು, ಬೀಗರು, ಕೂಡ ನೌಕರಿ ಮಾಡಿದವರು, ನಮ್ಮ ಹೊಲದಲ್ಲಿ ದುಡಿದವರು, ಯಾರನ್ನೂ ಬಿಡಬೇಡಿ. ಶಿಶುನಾಳದ ಶರೀಫರನ್ನೂ ಅವರ ಗುರು ಗೋವಿಂದ ಭಟ್ಟರನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಸೀಮೆ ನಮ್ಮದು. ಜಾತಿ ಮತ ನೋಡಿ ಯಾದಿಯಿಂದ ಒಂದು ಮನೆ ಬಿಟ್ಟರೂ ಆ ಹೆಸರು ಎತ್ತುವ ಹಕ್ಕು ನಮಗೆ ಉಳಿಯುವುದಿಲ್ಲ.

ಹೋಗಿ ಕೂತು, “ನಾ ಊರಾಗ ಇದ್ದಿದ್ದಿಲ್ಲ ಯವ್ವಾ, ಮೊನ್ನೆ ಬಂದೆ. ಹೆಂಗಾತು?” ಎಂದು ಕೇಳಿರಿ. ಆಮೇಲೆ ಸುಮ್ಮನಿರಿ. ನಾಲ್ಕು ತಿಂಗಳ ಹಿಂದಿನ ಸಾವು ಆ ತಾಯಿಗೆ ಹಳೆಯದಲ್ಲ, ಕೇಳುವವರು ಮಾತ್ರ ಅಷ್ಟರಲ್ಲಿ ಕಡಿಮೆಯಾಗಿರುತ್ತಾರೆ. ಮೊದಲ ವಾರದ ಜನಜಂಗುಳಿಯಲ್ಲಿ ಆಡಲಾಗದ ಮಾತನ್ನು ಆಕೆ ತಡವಾಗಿ ಬಂದ ನಿಮ್ಮ ಮುಂದೆ ಆಡುತ್ತಾಳೆ. ಕಡೆಯ ರಾತ್ರಿ ಏನು ಉಂಡರು, ಯಾರ ಹೆಸರು ಹಿಡಿದು ಕೂಗಿದರು, ಆಸ್ಪತ್ರೆಗೆ ಎಷ್ಟು ಖರ್ಚಾಯಿತು, ಎಲ್ಲವನ್ನೂ ಹೇಳಲಿ. ಗಡಿಯಾರ ನೋಡಬೇಡಿ. ಏಳುವಾಗ ‘ಹೋಗಿ ಬರ್ತೀನಿ’ ಎನ್ನದೆ ಸುಮ್ಮನೆ ಎದ್ದು ಬರುವುದು ರೂಢಿ, ಅದನ್ನು ಪಾಲಿಸಿರಿ. ಅಮೆರಿಕದ ಸುದ್ದಿ ಆ ಮನೆಯಲ್ಲಿ ಬೇಡ. ಅವರಾಗಿಯೇ ಕೇಳಿದರೂ “ಅದ ಇರ್ಲಿ ಬಿಡವ್ವಾ, ಇನ್ನೊಂದಿನ ಹೇಳೇನಂತ” ಎನ್ನಿರಿ.

ಆಮೇಲೆ ಸಂತೋಷದ ಮನೆಗಳು. ತಪ್ಪಿದ ಮದುವೆಗೆ ಆಯೇರಿ, ಹುಟ್ಟಿದ ಕೂಸಿಗೊಂದು ಕುಂಚಿಗೆ ಒಯ್ಯಿರಿ. ಪರದೇಶದ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ್ದನ್ನು ಕೊಟ್ಟು ಮುಗಿಸಬೇಡಿ. ಲಗ್ನದ ದಿನ ಊರಲ್ಲಿದ್ದರೆ ಏನು ಕೊಡುತ್ತಿದ್ದೆವೋ ಅದನ್ನೇ ಕೊಡಿರಿ. ಆಗ ಆ ಮನೆಯವರಿಗೆ ನೀವು ಬಂದ ಅತಿಥಿಯಾಗುವುದಿಲ್ಲ, ತಡವಾಗಿ ಬಂದ ನಂಟರಾಗುತ್ತೀರಿ.

ಮೂರನೆಯದು, ನೀವಿಲ್ಲದಾಗ ಬೀಗದ ಕೈ ಹಿಡಿದವರು. ತಮ್ಮನೋ ತಮ್ಮನ ಹೆಂಡತಿಯೋ ಪಕ್ಕದ ಮನೆಯವರೋ ಆರು ತಿಂಗಳು ತುಳಸಿಗೆ ನೀರು ಹಾಕಿರುತ್ತಾರೆ, ಕರೆಂಟ್ ಬಿಲ್ ಕಟ್ಟಿರುತ್ತಾರೆ, ಮುಪ್ಪಿನ ದೊಡ್ಡವ್ವನನ್ನು ನೋಡಿಕೊಂಡಿರುತ್ತಾರೆ. ಬಂದ ದಿನವೇ ಗೆದ್ದಲು ಹತ್ತಿದ ಬಾಗಿಲು, ಒಣಗಿದ ಮಲ್ಲಿಗೆ ಬಳ್ಳಿ ಎಣಿಸಲು ನಿಂತರೆ ಅವರ ಆರು ತಿಂಗಳ ದುಡಿಮೆ ಒಂದು ಮಾತಿನಲ್ಲಿ ನೀರುಪಾಲು. ಉಳಿದದ್ದನ್ನು ಮೊದಲು ನೋಡಿರಿ. “ನಿಮಗ ಭಾಳ ತ್ರಾಸಾತಲ್ಲ?” ಎಂದು ಕೇಳಿರಿ. ಈ ಪ್ರಶ್ನೆ ಕೇಳಿಸಿಕೊಂಡವರು ಬರುವ ವರ್ಷವೂ ಬೀಗದ ಕೈಯನ್ನು ಮನಸ್ಸಿಟ್ಟು ಇಸಿದುಕೊಳ್ಳುತ್ತಾರೆ.

ಹಾಗಾದರೆ ಕಂಡದ್ದನ್ನು ಹೇಳಲೇಬಾರದೆ? ಹೇಳಬೇಕು, ಹೊತ್ತು ನೋಡಿ ಹೇಳಬೇಕು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ಕವಿ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ತಿರುಗಿ ಬಂದರು. ಕಡಲ ಪಯಣ ‘ಸಮುದ್ರ ಗೀತೆಗಳು’ ಆಯಿತು, ಆಚೆ ದಡದಲ್ಲಿ ಕಂಡದ್ದು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವಾಯಿತು. ಹೋಗಿ ಬಂದದ್ದರಿಂದ ಕನ್ನಡಕ್ಕೆ ಸಿರಿ ಕೂಡಿತು. ನಾವು ಕವಿಗಳಲ್ಲ. ಆದರೆ ನಾವು ಕಂಡದ್ದೂ ಊರಿಗೆ ಕೂಡಿಕೆಯಾಗಬೇಕು. ‘ಅಲ್ಲಿ ಧೂಳಿಲ್ಲ, ಅಲ್ಲಿ ಹಾರ್ನ್ ಹೊಡೆಯುವುದಿಲ್ಲ’ ಎಂದು ಕಟ್ಟೆಯ ಮೇಲೆ ಕೂತು ನೂರು ಸಲ ಹೇಳಿದರೆ ಊರಿನ ಧೂಳು ಒಂದು ಹಿಡಿಯೂ ಕಡಿಮೆಯಾಗದು. ಕೇಳಿದವರ ಮನಸ್ಸು ಮಾತ್ರ ಕಹಿಯಾಗುತ್ತದೆ. ಅಲ್ಲಿಯ ಊರೂರಿನ ಸಾರ್ವಜನಿಕ ಗ್ರಂಥಾಲಯ, ಅಲ್ಲಿ ಪುಟ್ಟ ಮಕ್ಕಳನ್ನು ಕೂರಿಸಿ ಕಥೆ ಓದಿ ಹೇಳುವ ಪದ್ಧತಿ ನಿಮಗೆ ಹಿಡಿಸಿತೆ? ನಮ್ಮ ಗ್ರಾಮ ಪಂಚಾಯಿತಿಗಳಲ್ಲೂ ಈಗ ‘ಅರಿವು ಕೇಂದ್ರ’ ಎಂಬ ಗ್ರಂಥಾಲಯಗಳಿವೆ. ವಾರಕ್ಕೊಂದು ಸಂಜೆ ಹೋಗಿ ಹತ್ತು ಮಕ್ಕಳಿಗೆ ಕಥೆ ಹೇಳಿರಿ. ಅಮೆರಿಕ ಹೇಗಿದೆ ಎಂದು ಊರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬಾಯಿಮಾತಿನಲ್ಲೇ ಹೇಳುವುದಾದರೆ ಚಿಕ್ಕದಾಗಿ ಹೇಳಿರಿ. ಹಿರೇಕೆರೂರು ಸೀಮೆ ತನ್ನವನೆಂದು ಹೆಮ್ಮೆಪಡುವ ಸರ್ವಜ್ಞ ಊರೂರು ತಿರುಗಿ ಕಂಡದ್ದನ್ನು ಮೂರು ಸಾಲಿನೊಳಗೆ ಹೇಳಿ ಮುಗಿಸಿದ.

ಈಗ ಪರದೇಶದಲ್ಲಿರುವ ಮಕ್ಕಳಿಗೆ. ಅಪ್ಪ ಅವ್ವ ನಿಮ್ಮಲ್ಲಿರುವಾಗ ದಿನಕ್ಕೆ ಅರ್ಧ ತಾಸು ಫೋನು ಬದಿಗಿಟ್ಟು ಅವರ ಮಾತಿಗೆ ಕೂಡಿರಿ. ಊರಿನ ಹೊಲದ ಬದುವಿನ ಕಥೆ ನಿಮಗೆ ಬೇಸರವೆನಿಸಿದರೂ ಕೇಳಿರಿ. ಅಲ್ಲಿ ಕೇಳುವವರಿದ್ದರೆ ಅವರು ಎದೆ ಹಗುರಮಾಡಿಕೊಂಡು ಊರಿಗೆ ಬರುತ್ತಾರೆ. ಊರಿನವರ ಮಾತಿಗೆ ಆಗ ಆ ಎದೆಯಲ್ಲಿ ಜಾಗವಿರುತ್ತದೆ. ತಿರುಗುವ ದಿನವನ್ನು ಟಿಕೆಟಿನ ದರ ಒಂದನ್ನೇ ನೋಡಿ ಗೊತ್ತುಮಾಡಬೇಡಿ. ಊರ ಜಾತ್ರೆಯೋ ಅಣ್ಣನ ಮಗಳ ಲಗ್ನವೋ ಎದುರಿಗಿದ್ದರೆ, ‘ಇನ್ನೊಂದು ತಿಂಗಳು ಇರ್ರಿ’ ಎಂದು ಪ್ರೀತಿಯಿಂದ ಹಿಡಿಯುವುದೂ ಅವರಿಗೆ ಸಂಕಟವೇ. ನಿಮ್ಮ ಮೇಲಿನ ಮಮತೆಗೆ ಅವರು ಇಲ್ಲವೆನ್ನಲಾರರು. ಆದ್ದರಿಂದ ದಿನ ಯಾವುದೆಂದು ಅವರನ್ನೇ ಕೇಳಿ ಟಿಕೆಟ್ ತೆಗೆಸಿರಿ.

ಊರಲ್ಲಿರುವ ಮಕ್ಕಳೇ, ನಿಮಗೂ ಒಂದು ಮಾತು. ಹಿರಿಯರು ಹೊರಗಿದ್ದಾಗ ಅವರ ಗೆಳೆಯರು ತೀರಿಕೊಂಡರೆ ಸುದ್ದಿ ಮುಚ್ಚಿಡಬೇಡಿ. ‘ಅಲ್ಲಿ ಒಬ್ಬರೇ ಇರ್ತಾರ, ಯಾಕ ತಿಳಿಸೋದು’ ಎಂದು ಕರುಣೆಯಿಂದಲೇ ಮುಚ್ಚಿಡುತ್ತೀರಿ, ನನಗೆ ಗೊತ್ತು. ಆದರೆ ಅಂದೇ ತಿಳಿದರೆ ಅವರು ಆ ಮನೆಗೆ ಫೋನು ಮಾಡಿ ಎರಡು ಮಾತು ಆಡುತ್ತಾರೆ, ತಮ್ಮ ಪಾಲಿನ ದುಃಖವನ್ನು ಆ ದಿನವೇ ಪಡುತ್ತಾರೆ. ಮುಚ್ಚಿಟ್ಟರೆ, ಹಾನಗಲ್ಲಿನ ತಾರಕೇಶ್ವರ ಗುಡಿಯ ಕಡೆ ಸಂಜೆ ತಿರುಗಾಡಲು ಹೋದಾಗ ಬೇರೆ ಯಾರದೋ ಬಾಯಿಂದ ಕೇಳಿ ತತ್ತರಿಸುತ್ತಾರೆ. ಸತ್ತವರ ಮನೆಯವರು ‘ಒಂದು ಫೋನೂ ಮಾಡಲಿಲ್ಲ’ ಎಂದು ನೊಂದುಕೊಂಡಿರುತ್ತಾರೆ. ನಲವತ್ತು ವರ್ಷದ ಗೆಳೆತನಕ್ಕೆ ಈ ಗಾಯ ಬೇಡ.

ಬಂದವರನ್ನು ಮೊದಲ ದಿನಗಳಲ್ಲಿ ತಾಳ್ಮೆಯಿಂದ ನೋಡಿಕೊಳ್ಳಿರಿ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಆಫ್ರಿಕ ಮೂಲದ ಮೂರು ಭಾರಿ ಮರಗಳಿರುವುದು ನಿಮಗೆ ಗೊತ್ತು. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಕಡಿದು ಕಟ್ಟಿಗೆ ಮಾಡದೆ, ಯಂತ್ರ ಹಚ್ಚಿ ಅದನ್ನು ಮತ್ತೆ ನೆಲದಲ್ಲಿ ನಿಲ್ಲಿಸಿದರು. ವಯಸ್ಸಾದ ಜೀವಕ್ಕೂ ಕಿತ್ತ ಬೇರು ನೆಲ ಹಿಡಿಯಲು ಆಸರೆ ಬೇಕು, ದಿನ ಬೇಕು. ಮನೆಗೆ ಹೋಗಿ ಮಾತಾಡಿಸಿರಿ, ಯಾದಿ ಹಿಡಿದು ಅವರ ಜೊತೆ ಮನೆಮನೆಗೆ ನಡೆಯಿರಿ.

ದೇಹ, ಕಾಗದಪತ್ರಗಳ ಮಾತನ್ನು ಬೇಗ ಮುಗಿಸುತ್ತೇನೆ. ಚಳಿಗಾಲದಲ್ಲಿ ಷಿಕಾಗೊ ಗಡಿಯಾರ ನಮ್ಮದಕ್ಕಿಂತ ಹನ್ನೊಂದೂವರೆ ತಾಸು ಹಿಂದೆ. ಮೈ ಸಾಮಾನ್ಯವಾಗಿ ದಿನಕ್ಕೆ ಒಂದು ತಾಸಿನಷ್ಟು ಹೊಂದಿಕೊಳ್ಳುತ್ತದೆಂದು ಹಿಡಿದರೆ ನಿದ್ದೆ ಸರಿಯಾಗಲು ಹತ್ತು ಹನ್ನೆರಡು ದಿನ ಬೇಕು. ಅಷ್ಟರವರೆಗೆ ಸ್ಕೂಟರ್ ಹೊಡೆಯುವುದು ಬೇಡ, ಆಸ್ತಿ ಹಣದ ತೀರ್ಮಾನವೂ ಬೇಡ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಗುಳಿಗೆಯ ವೇಳೆಯನ್ನು ಹೊರಡುವ ಮೊದಲೇ ವೈದ್ಯರಿಗೆ ಕೇಳಿ ಬರೆದಿಟ್ಟುಕೊಳ್ಳಬೇಕು. ಹಿಮದಿಂದ ಬಂದ ಮೈಗೆ ಮಾರ್ಚ್ ಬಿಸಿಲು ಕಠಿಣ, ಮನೆಮನೆಯ ತಿರುಗಾಟವನ್ನು ಮುಂಜಾನೆ, ಸಂಜೆಗೆ ಇಟ್ಟುಕೊಳ್ಳಿರಿ. ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡಬೇಕಾದದ್ದು ನವೆಂಬರಿನಲ್ಲಿ, ಅಂದರೆ ಅವರು ಊರಲ್ಲಿಲ್ಲದ ಹೊತ್ತಿನಲ್ಲಿ. 2014ರಿಂದ ಅದನ್ನು ಡಿಜಿಟಲ್ ರೂಪದಲ್ಲಿ ಕೊಡುವ ವ್ಯವಸ್ಥೆ ಇದೆ. ಹೊರಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ ಗೊತ್ತುಮಾಡಿಕೊಡಿ. ಊರಿನ ಸಿಮ್ ರೀಚಾರ್ಜ್ ಮಾಡುತ್ತಿರಿ, ಇಲ್ಲದಿದ್ದರೆ ಬ್ಯಾಂಕಿನ ಒಟಿಪಿ ಬರುವುದು ನಿಂತೀತು.

ಇಷ್ಟೂ ನಾಳೆ ನಿಮ್ಮ ಬಾಳಿಗೂ ಬರುತ್ತದೆ. ನೀವೂ ನಿವೃತ್ತರಾಗುತ್ತೀರಿ, ನಿಮ್ಮ ಮಕ್ಕಳು ಇನ್ನೂ ದೂರ ಹೋಗಿರುತ್ತಾರೆ, ನೀವು ಹೋಗಿ ಬರುವ ಜನವಾಗುತ್ತೀರಿ. ಅಂದು ನಿಮ್ಮನ್ನು ನಮ್ಮವರೆನ್ನುವ ಊರು ಇರಬೇಕಾದರೆ ಇಂದಿನಿಂದಲೇ ಊರಿನ ನಂಟು ಉಳಿಸಿಕೊಳ್ಳಬೇಕು. ಪರದೇಶದಲ್ಲಿರುವ ನೀವು ವರ್ಷಕ್ಕೆ ಎರಡು ವಾರ ರಜೆಯ ಮೇಲೆ ಬರುತ್ತೀರಲ್ಲ, ಅದರಲ್ಲಿ ಎರಡು ದಿನ ಈ ಕೆಲಸಕ್ಕೆ ತೆಗೆದಿಡಿ. ಕಾರು ಓಣಿಯ ತುದಿಯಲ್ಲಿ ಬಿಟ್ಟು ನಡೆದು ಹೋಗಿರಿ. ದುಃಖದ ಮನೆ ಮೊದಲು, ಸಂತೋಷದ ಮನೆ ಆಮೇಲೆ, ನಿಮ್ಮ ಸುದ್ದಿ ಎಲ್ಲಕ್ಕೂ ಕಡೆಗೆ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಅವರಿಗೆ ಕನ್ನಡ ಅರ್ಧಮರ್ಧ ಬಂದರೂ ಚಿಂತೆಯಿಲ್ಲ. ಅಪ್ಪ ಒಬ್ಬರ ಮುಂದೆ ಕೂತು ಸುಮ್ಮನೆ ಕೇಳುತ್ತಿರುವುದನ್ನು ಅವರು ನೋಡಲಿ. ಊರಿಗೆ ತಿರುಗಿ ಬರುವುದು ಹೇಗೆಂದು ಅವರಿಗೆ ಕಲಿಸಲು ಅಷ್ಟು ಸಾಕು.