ಚಳಿಗಾಲದಲ್ಲಿ ಹೊಂಡದ ಮೀನಿಗೆ ಹಿಂಡಿ ಎಷ್ಟು ಹಾಕಬೇಕು?



ಕುಷ್ಟಗಿ, ಯಲಬುರ್ಗಾ ಕಡೆ ಕೃಷಿ ಹೊಂಡ. ಕೊಪ್ಪಳ, ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರಿನ ಕೊಳ. ಹೈನಿನ ಜೊತೆಗೆ ನಿಮ್ಮಲ್ಲಿ ಕೆಲವರು ಇವುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟಿರುತ್ತೀರಿ. ಆಕಳಿಗೆ ತಂದ ಶೇಂಗಾ ಹಿಂಡಿಯನ್ನೇ ಮೀನಿಗೂ ಹಾಕುತ್ತೀರಿ. ಚಳಿ ಬಿದ್ದ ಮೇಲೆ ಮೀನು ಬೆಳೆಯುತ್ತಿಲ್ಲ ಎಂದು ಇನ್ನೊಂದು ಬೊಗಸೆ ಹೆಚ್ಚಿಗೆ ಹಾಕಲು ಮನಸ್ಸಾಗುವುದು ಸಹಜ. ಆದರೆ ಹಾಗೆ ಮಾಡಿದರೆ ಹಿಂಡಿಯೂ ಹಾಳು, ಮೀನಿಗೂ ಅಪಾಯ. ಏಕೆಂದು ನೋಡೋಣ.

ಆಕಳ ಲೆಕ್ಕ ಬೇರೆ, ಮೀನಿನ ಲೆಕ್ಕ ಬೇರೆ

ಆಕಳು ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಅದಕ್ಕೇ ಚಳಿಯಲ್ಲಿ ಅದಕ್ಕೆ ಹಸಿವು ಹೆಚ್ಚು. ಮೀನಿನ ಮೈ ಹಾಗಲ್ಲ, ನೀರು ತಣ್ಣಗಾದಂತೆ ಅದೂ ತಣ್ಣಗಾಗುತ್ತದೆ. ಹಸಿವು ಇಳಿಯುತ್ತದೆ, ಜೀರ್ಣಶಕ್ತಿ ನಿಧಾನವಾಗುತ್ತದೆ.

ಕಾಟ್ಲಾ, ರೋಹು ಚೆನ್ನಾಗಿ ಬೆಳೆಯುವುದು ನೀರು 25ರಿಂದ 32 ಡಿಗ್ರಿ ಇರುವಾಗ. 20 ಡಿಗ್ರಿಗಿಂತ ಕೆಳಗಿಳಿದರೆ ತಿನ್ನುವುದು ಬಹಳ ಕಡಿಮೆಯಾಗುತ್ತದೆ. ಸಾಮಾನ್ಯ ಗೆಂಡೆ ಮಾತ್ರ ಚಳಿಯನ್ನು ಸ್ವಲ್ಪ ಹೆಚ್ಚು ತಾಳುತ್ತದೆ.

ಹೆಚ್ಚಾದ ಹಿಂಡಿ ಏನಾಗುತ್ತದೆ?

ಮೀನಿನ ಮಾಂಸ ಬೆಳೆಯುವುದು ಪ್ರೋಟೀನ್‌ನಿಂದ. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಶೇ. 40ಕ್ಕೂ ಹೆಚ್ಚು, ಅಕ್ಕಿ ತೌಡಿನಲ್ಲಿ ಸುಮಾರು ಶೇ. 12. ಎರಡನ್ನೂ ಸಮ ಬೆರೆಸಿದರೆ ಸುಮಾರು ಶೇ. 26 ಬರುತ್ತದೆ. ಬೆಳೆಯುವ ಮೀನಿಗೆ ಅಷ್ಟು ಸಾಕು.

ತಣ್ಣೀರಿನಲ್ಲಿ ಹಿಂಡಿಯ ಪಾಲು ಹೆಚ್ಚಿಸಿದರೂ ಮೀನು ಅದನ್ನು ಮಾಂಸವಾಗಿಸಲಾರದು. ತಿಂದ ಹೆಚ್ಚುವರಿ ಪ್ರೋಟೀನ್ ಕಿವಿರಿನ ಮೂಲಕ ಅಮೋನಿಯಾ ಆಗಿ ನೀರಿಗೇ ಬರುತ್ತದೆ. ತಿನ್ನದೆ ಬಿಟ್ಟದ್ದು ತಳದಲ್ಲಿ ಕೊಳೆತು, ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಆಗಲೇ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು.

ಒಂದು ಲೆಕ್ಕ

ಹೊಂಡದಲ್ಲಿ 250 ಗ್ರಾಂ ತೂಕದ 200 ಮೀನುಗಳಿವೆ ಎನ್ನಿ. ಒಟ್ಟು ತೂಕ 50 ಕೆ.ಜಿ. ಬೆಚ್ಚಗಿನ ದಿನಗಳಲ್ಲಿ ಇದರ ಶೇ. 3ರಷ್ಟು, ಅಂದರೆ ದಿನಕ್ಕೆ ಒಂದೂವರೆ ಕೆ.ಜಿ. ಆಹಾರ. ಚಳಿಯಲ್ಲಿ ಶೇ. 1, ಅಂದರೆ ಅರ್ಧ ಕೆ.ಜಿ. ಸಾಕು. 60 ದಿನಕ್ಕೆ 90 ಕೆ.ಜಿ. ಬದಲು 30 ಕೆ.ಜಿ. ಉಳಿದ 60 ಕೆ.ಜಿ.ಯಲ್ಲಿ ಅರ್ಧ ಹಿಂಡಿ. ಹೊಂಡದ ತಳ ಸೇರಬೇಕಿದ್ದ 30 ಕೆ.ಜಿ. ಹಿಂಡಿ ನಿಮ್ಮ ಆಕಳ ಬಾಯಿಗೆ ಬರುತ್ತದೆ.

ನೀವು ಮಾಡಬೇಕಾದದ್ದು

1. ಹಿಂಡಿ, ತೌಡಿನ ಸಮಪಾಲು ಹಾಗೇ ಇರಲಿ. ಪ್ರಮಾಣ ಮಾತ್ರ ಇಳಿಸಿ.

2. ಬೆಳಿಗ್ಗೆ ಹಾಲು ಹಾಕಿ ಬರುವಾಗ ಮೀನಿಗೆ ಹಾಕಬೇಡಿ. ಬಿಸಿಲೇರಿ ನೀರು ಬೆಚ್ಚಗಾದ ಮೇಲೆ, ಮಧ್ಯಾಹ್ನ ಒಂದೇ ಸಲ ಹಾಕಿ. ಮೋಡ, ಮಂಜು ಕವಿದ ದಿನ ಬೇಡ.

3. ನೀರಿಗೆ ಎರಚುವ ಬದಲು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಬಿಡಿ. ಎರಡು ತಾಸಿನ ನಂತರ ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ ಮಾಡಿ.

4. ಸಗಣಿ ಗೊಬ್ಬರವನ್ನೂ ಕಡಿಮೆ ಮಾಡಿ. ತಣ್ಣೀರಿನಲ್ಲಿ ಅದು ಕರಗುವುದು ನಿಧಾನ.

5. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಹಾರ, ಸಗಣಿ ಎರಡನ್ನೂ ನಿಲ್ಲಿಸಿ ಹೊಸ ನೀರು ಬಿಡಿ.

6. ಯೂರಿಯಾ ಬೆರೆತ ಪಶು ಆಹಾರ ಮೀನಿಗೆ ಬೇಡ. ಆಕಳ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾವನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ, ಮೀನಿಗೆ ಆ ಸೌಕರ್ಯವಿಲ್ಲ.

7. ಬೂಸ್ಟು ಹಿಡಿದ ಹಿಂಡಿಯನ್ನು "ಮೀನಿಗಾದರೂ ಆಗುತ್ತದೆ" ಎಂದು ಹಾಕಬೇಡಿ. ಅದರ ಅಫ್ಲಾಟಾಕ್ಸಿನ್ ವಿಷ ಮೀನಿಗೂ ಕೆಡುಕು. ಆಕಳು ತಿಂದರೆ ಹಾಲಿಗೂ ಇಳಿಯುತ್ತದೆ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಹೊಂಡದ ನೀರಿಗೊಮ್ಮೆ ಕೈ ಇಟ್ಟು ನೋಡಿ. ನಿಮ್ಮ ಕೈಗೆ ತಣ್ಣಗೆ ಕೊರೆದರೆ, ಮೀನಿನ ಹೊಟ್ಟೆಯೂ ತಣ್ಣಗಿದೆ ಎಂದು ತಿಳಿಯಿರಿ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋದ ಮೇಲೆ, ಬುಟ್ಟಿ ಖಾಲಿಯಾಗುವುದನ್ನು ನೋಡಿಕೊಂಡು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಯುಗಾದಿಯ ಹೊತ್ತಿಗೆ ಮೊದಲಿನ ಪ್ರಮಾಣಕ್ಕೆ ಬರಬಹುದು. ಮೀನು ಬೆಳೆಯುವುದು ಆಗಲೇ.